ಬಟ್ಟೆಯ ಲೆಕ್ಕ ಕೊಡಿ, ಮೈಗೆ ದಂಡ ಹಾಕಬೇಡಿ: ಐತಿಹಾಸಿಕ ಉಡುಪು ತಯಾರಕರಿಗೆ ಒಂದು ಬಹಿರಂಗ ಪತ್ರ

ಐತಿಹಾಸಿಕ ಉಡುಪುಗಳನ್ನು ಹೊಲಿದು ಮಾರುವ, ಬಾಡಿಗೆಗೆ ಕೊಡುವ, ಅವುಗಳ ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಬೇಕಾದ ಕಾಗದದ ನಕ್ಷೆ) ಅಚ್ಚು ಹಾಕಿಸುವ ಎಲ್ಲ ಮಾನ್ಯರಿಗೆ,

ನಮಸ್ಕಾರಗಳು.

ನಾನು ದಪ್ಪ ಮೈಯ ಹೆಂಗಸು. ಹಳೆಯ ಕಾಲದ ಯುರೋಪಿನ ಉಡುಪುಗಳೆಂದರೆ ನನಗೆ ಹುಚ್ಚು. 18ನೇ ಶತಮಾನದ ಗೌನು, ಸೊಂಟ ಬಿಗಿದು ಕಟ್ಟುವ ವಿಕ್ಟೋರಿಯಾ ಕಾಲದ ಒಳಉಡುಪಾದ ಕಾರ್ಸೆಟ್ಟು, 1890ರ ದಶಕದ ಉಬ್ಬುತೋಳಿನ ಮೇಲಂಗಿ, ಎಲ್ಲವನ್ನೂ ಕೊಳ್ಳುತ್ತೇನೆ, ಬಾಡಿಗೆಗೆ ತರುತ್ತೇನೆ, ಪುರುಸೊತ್ತಾದಾಗ ನಾನೇ ಹೊಲಿಯುತ್ತೇನೆ. ಹಾಗಾಗಿ ನಿಮ್ಮ ಕೆಲಸದ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ಕೈಯಲ್ಲಿ ಕಾಜ ಹಾಕಿ ಬೆರಳು ತೂತು ಮಾಡಿಕೊಂಡವಳು ನಾನೂ ಹೌದು.

ಈ ಪತ್ರ ಒಂದೇ ವಿಷಯಕ್ಕೆ. ನಿಮ್ಮ ಬೆಲೆಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದಲ್ಲ, 'ಪ್ಲಸ್ ಸೈಜಿಗೆ ಹೆಚ್ಚುವರಿ ಶುಲ್ಕ ಇರುತ್ತದೆ' ಅಂತ, ಅದರ ಬಗ್ಗೆ. ಆ ದುಡ್ಡು ಯಾವುದಕ್ಕೆ ಅಂತ ನನಗೆ ಈವರೆಗೆ ಯಾರೂ ಬಿಡಿಸಿ ಹೇಳಿಲ್ಲ. ಕೇಳಿದಾಗಲೆಲ್ಲ ಬಂದ ಉತ್ತರ ಒಂದೇ: 'ಬಟ್ಟೆ ಜಾಸ್ತಿ ಹಿಡಿಯುತ್ತೆ ಮೇಡಂ.'

ಸರಿ, ಬಟ್ಟೆಯಿಂದಲೇ ಶುರು ಮಾಡೋಣ.

18ನೇ ಶತಮಾನದ ಪೆಟಿಕೋಟನ್ನು ತೆಗೆದುಕೊಳ್ಳಿ. ಅದು ನೇರ ಪನ್ನಗಳನ್ನು, ಅಂದರೆ ಬಟ್ಟೆಯ ಪೂರ್ತಿ ಅಗಲದ ತುಂಡುಗಳನ್ನು, ಒಂದಕ್ಕೊಂದು ಜೋಡಿಸಿ, ಮೇಲ್ಗಡೆ ನೆರಿಗೆ ಹಿಡಿದು ಸೊಂಟಪಟ್ಟಿಗೆ ಕೂರಿಸಿದ ಸ್ಕರ್ಟು. ಕೆಳಗಿನ ಘೇರು, ಅಂದರೆ ಸುತ್ತಳತೆ, 3 ಮೀಟರ್ ಅಂದುಕೊಳ್ಳಿ. ಸೊಂಟ 60 ಸೆಂ.ಮೀ. ಇರುವವರಿಗೆ ಆ 3 ಮೀಟರನ್ನು ಐದು ಪಟ್ಟು ಒತ್ತಿ ನೆರಿಗೆ ಹಿಡಿಯಬೇಕು. ಸೊಂಟ 110 ಸೆಂ.ಮೀ. ಇರುವ ನನ್ನಂಥವಳಿಗೆ ಎರಡೂಮುಕ್ಕಾಲು ಪಟ್ಟು ಸಾಕು. ಬಟ್ಟೆ ಅಷ್ಟೇ, ಹೊಲಿಗೆಯೂ ಹೆಚ್ಚುಕಡಿಮೆ ಅಷ್ಟೇ. ನೆರಿಗೆಯ ಆಳ ಮಾತ್ರ ಕಮ್ಮಿ. ನನಗಾಗಿ ಹೆಚ್ಚು ಬೇಕಾಗುವುದು ಸೊಂಟಪಟ್ಟಿಗೆ ಅರ್ಧ ಮೀಟರ್, ಹೊಟ್ಟೆ ಮತ್ತು ಹಿಂಭಾಗದ ಮೇಲೆ ಹಾದು ಬರುವ ಉದ್ದಕ್ಕೆ ಒಂದಿಷ್ಟು. 1856ರಲ್ಲಿ ಸ್ಕರ್ಟನ್ನು ಒಳಗಿನಿಂದ ಉಬ್ಬಿಸಿ ಹಿಡಿಯುವ ಉಕ್ಕಿನ ಬಳೆಗಳ ಚೌಕಟ್ಟಾದ ಕ್ರಿನೊಲಿನ್‌ಗೆ ಪೇಟೆಂಟ್ ಸಿಕ್ಕಿತಲ್ಲ, ಅದರ ಮೇಲೆ ತೊಡುವ ಸ್ಕರ್ಟಿನ ಕತೆಯೂ ಇದೇ. ಅದರ ಘೇರನ್ನು ತೀರ್ಮಾನಿಸುವುದು ಬಳೆ. ಒಳಗಿರುವ ಸೊಂಟ ಎಷ್ಟು ದಪ್ಪ ಅಂತ ಬಳೆ ಕೇಳುವುದೇ ಇಲ್ಲ!

1890ರ ದಶಕದ ಉಬ್ಬುತೋಳು ನೋಡಿ. 1895ರ ಸುಮಾರಿಗೆ ಅದು ಎಷ್ಟು ದೊಡ್ಡದಾಗಿತ್ತೆಂದರೆ ಮೇಲಂಗಿಯ ಮಿಕ್ಕ ಭಾಗಕ್ಕಿಂತ ತೋಳಿಗೇ ಹೆಚ್ಚು ಬಟ್ಟೆ ಬೇಕಾಗುತ್ತಿತ್ತು. ಅಷ್ಟು ದೊಡ್ಡ ಬಲೂನಿನೊಳಗೆ ಸಣ್ಣ ತೋಳೂ ಒಂದೇ, ದಪ್ಪ ತೋಳೂ ಒಂದೇ. ಒಳಗಿನ ಅಸ್ತರಿ, ಮೊಣಕೈಯಿಂದ ಕೆಳಗಿನ ಬಿಗಿ ಭಾಗ ಇವೆರಡು ಮಾತ್ರ ನನ್ನ ಅಳತೆಗೆ ಬೇರೆ ಆಗಬೇಕು. ಆದರೂ ಶುಲ್ಕ ಬೀಳುವುದು ಇಡೀ ಉಡುಪಿನ ಬೆಲೆಯ ಮೇಲೆ.

ಹಾಗಂತ ಬಟ್ಟೆ ಎಲ್ಲೂ ಹೆಚ್ಚು ಹಿಡಿಯುವುದೇ ಇಲ್ಲ ಅನ್ನುವಷ್ಟು ದಡ್ಡಿ ನಾನಲ್ಲ. ಮೈಗೆ ಅಂಟಿ ಕೂರುವ ಮೇಲ್ಭಾಗಕ್ಕೆ ಹಿಡಿಯುತ್ತದೆ. ಅದು ಏರುವ ರೀತಿ ಮಾತ್ರ ಸ್ವಲ್ಪ ವಿಚಿತ್ರ. ಕತ್ತರಿಸುವ ಮೇಜಿನ ಮೇಲೆ 150 ಸೆಂ.ಮೀ. ಪನ್ನದ ಬಟ್ಟೆ ಹಾಸಿದ್ದೀರಿ ಅಂತಿಟ್ಟುಕೊಳ್ಳಿ. ಮುಂಭಾಗ, ಬೆನ್ನು, ಪಕ್ಕ, ತೋಳು, ಎಲ್ಲ ತುಂಡುಗಳೂ ಪಕ್ಕಪಕ್ಕ ಕೂರುತ್ತವೆ. ಮುಂದಿನ ಸೈಜಿನಲ್ಲೂ ಕೂರುತ್ತವೆ, ಅದರ ಮುಂದಿನದರಲ್ಲೂ ಕೂರುತ್ತವೆ. ಆಮೇಲೆ ಒಂದು ಸೈಜು ಬರುತ್ತದೆ. ಅಲ್ಲಿ ತೋಳಿನ ತುಂಡು ಎರಡು ಬೆರಳಷ್ಟು ಪನ್ನದಾಚೆ ಹೋಗುತ್ತದೆ. ಅದನ್ನು ಕೆಳಗೆ ಇಳಿಸಬೇಕು, ಒಮ್ಮೆಲೇ ಮುಕ್ಕಾಲು ಮೀಟರ್ ಹೆಚ್ಚು ಬೇಕಾಗುತ್ತದೆ. ಅಂದರೆ ಖರ್ಚು ಮೆಟ್ಟಿಲಿನ ಹಾಗೆ ಏರುತ್ತದೆ. ಆ ಮೆಟ್ಟಿಲು ಎಲ್ಲಿದೆ ಅನ್ನುವುದು ಒಂದೊಂದು ಉಡುಪಿಗೆ ಒಂದೊಂದು ಥರ. ಕೆಲವು ಡಿಸೈನುಗಳಲ್ಲಿ ಅದು ನಡುವಿನ ಸೈಜಿನಲ್ಲೇ ಬಂದುಬಿಡುತ್ತದೆ. ಅಲ್ಲಿ ನೀವು ಬಾಯಿ ಬಿಡುವುದಿಲ್ಲ. ಎಲ್ಲ ಉಡುಪಿಗೂ ಒಂದೇ ಕಡೆ ಗೆರೆ ಎಳೆದು, ಅದರಾಚೆ ಇರುವವರಿಗೆಲ್ಲ ಶೇಕಡಾ ಲೆಕ್ಕದಲ್ಲಿ ಏರಿಸುತ್ತೀರಿ. ಇದು ಬಟ್ಟೆ ಅಳೆದು ಹಾಕಿದ ಲೆಕ್ಕದ ಹಾಗೆ ಕಾಣುವುದಿಲ್ಲ.

ಇನ್ನು ಶೇಕಡಾ ಲೆಕ್ಕದ ಮಾತು. ಒಂದು ಗೌನಿನ ಬೆಲೆ 100 ಭಾಗ ಅಂದುಕೊಳ್ಳೋಣ. ಅದರಲ್ಲಿ ಬಟ್ಟೆಗೆ 25 ಭಾಗ, ಉಳಿದದ್ದು ಕೂಲಿ, ಬಾಡಿಗೆ, ಕರೆಂಟು, ನಿಮ್ಮ ಲಾಭ. ನನ್ನ ಸೈಜಿಗೆ ಬಟ್ಟೆ ಐದನೇ ಒಂದರಷ್ಟು ಹೆಚ್ಚು ಹಿಡಿಯಿತು ಅಂದರೂ ಬೆಲೆಗೆ ಸೇರಬೇಕಾದದ್ದು 5 ಭಾಗ. ನೀವು 30 ಹಾಕಿದರೆ ಮಿಕ್ಕ 25 ಎಲ್ಲಿ ಹೋಯಿತು? ರೇಷ್ಮೆಯ ಉಡುಪಾದರೆ ಬಟ್ಟೆಯ ಪಾಲು ಹೆಚ್ಚು, ಲಿನನ್ ಆದರೆ ಕಮ್ಮಿ, ಅದೂ ಗೊತ್ತು. ಆದರೆ ನಿಮ್ಮ ಪಟ್ಟಿಯಲ್ಲಿ ರೇಷ್ಮೆಗೂ ಅದೇ ಶೇಕಡಾ, ಲಿನನ್‌ಗೂ ಅದೇ ಶೇಕಡಾ.

ಕೂಲಿಗೆ ಬರೋಣ. ಈ ಉಡುಪುಗಳಲ್ಲಿ ನಿಜವಾದ ದುಡ್ಡು ಇರುವುದು ಅಲ್ಲೇ ಅಲ್ವಾ? ಕಾರ್ಸೆಟ್ಟಿನ ಬೆನ್ನಿಗೆ ದಾರ ಎಳೆಯಲು ತೂತುಗಳಿರುತ್ತವೆ. ಅವುಗಳನ್ನು ಕೈಯಲ್ಲಿ ಸುತ್ತು ಹೊಲಿಗೆ ಹಾಕಿ ಮಾಡುವುದು ತಾಸುಗಟ್ಟಲೆ ಕೆಲಸ. ಆದರೆ ಆ ತೂತುಗಳ ಎಣಿಕೆ ಬೆನ್ನಿನ ಎತ್ತರದ ಮೇಲೆ ನಿಂತಿದೆ. ಅಗಲಕ್ಕೂ ಅದಕ್ಕೂ ಸಂಬಂಧವಿಲ್ಲ. ಉದ್ದ ಬೆನ್ನಿನ ತೆಳ್ಳಗಿನವರಿಗೆ ನನಗಿಂತ ಹೆಚ್ಚು ತೂತು ಬೇಕು. ಅವರಿಗೆ 'ಎತ್ತರದ ಶುಲ್ಕ' ಅಂತ ನೀವು ಹಾಕಿದ್ದನ್ನು ನಾನು ಕಂಡಿಲ್ಲ. ತೀರಾ ಸಣ್ಣ ಸೈಜಿನವರಿಗೆ ಬಟ್ಟೆ ಉಳಿಯಿತು ಅಂತ ಬೆಲೆ ಇಳಿಸಿದ್ದನ್ನೂ ಕಂಡಿಲ್ಲ. ಆ ಎಲ್ಲ ಸೈಜುಗಳ ನಡುವೆ ಖರ್ಚನ್ನು ಹಂಚಿ ಒಂದು ಬೆಲೆ ಮಾಡುವುದು ನಿಮಗೆ ಸುಲಭವಾಗಿ ಬರುತ್ತದೆ. ನಮ್ಮ ಸರದಿ ಬಂದಾಗ ಮಾತ್ರ ಹಂಚುವ ಲೆಕ್ಕ ಮರೆತುಹೋಗುತ್ತದೆ.

ದಪ್ಪ ಮೈಗೆ ನಿಜಕ್ಕೂ ಕೆಲಸ ಹೆಚ್ಚಾಗುವ ಕಡೆಗಳಿವೆ. ಅವನ್ನು ನಾನೇ ಹೇಳುತ್ತೇನೆ. ಕಾರ್ಸೆಟ್ಟಿನಲ್ಲಿ ಆಕಾರ ನಿಲ್ಲಿಸುವ ಕಡ್ಡಿಗಳ ಎಣಿಕೆ ಹೆಚ್ಚಬೇಕು, ಇಲ್ಲದಿದ್ದರೆ ಕಡ್ಡಿ ಕಡ್ಡಿಯ ನಡುವೆ ಬಟ್ಟೆ ಉಬ್ಬಿ ಮೈ ಚುಚ್ಚುತ್ತದೆ. ಹೊಟ್ಟೆಯ ಮೇಲಿನ ಕಡ್ಡಿ ಗಟ್ಟಿ ಉಕ್ಕಿನದಾಗಬೇಕು. ಪಕ್ಕದಲ್ಲಿ ಬಾಗುವಂಥ ಸುರುಳಿ ಉಕ್ಕಿನ ಕಡ್ಡಿ ಬೇಕು. ಮುಂದಿನ ಕೊಕ್ಕೆಪಟ್ಟಿ ಚಮಚದ ಆಕಾರದ್ದಾದರೆ ಒಳ್ಳೆಯದು. 1870ರ ದಶಕದಲ್ಲಿ ಬಂದ ಈ ಪಟ್ಟಿ ಕೆಳಹೊಟ್ಟೆಯನ್ನು ಹಿಡಿದು ಕೂರುತ್ತದೆ. ಸಾದಾ ಪಟ್ಟಿಗಿಂತ ಇದಕ್ಕೆ ದುಡ್ಡು ಹೆಚ್ಚು. ಒತ್ತಡ ಬೀಳುವ ಕಡೆ ಎರಡನೇ ಪದರ ಕೊಡಬೇಕು. ಇನ್ನೊಂದು ವಿಷಯ: ಮೆತ್ತಗಿನ ಮೈ ಹೆಚ್ಚು ಒತ್ತಿಸಿಕೊಳ್ಳುತ್ತದೆ. ತೆಳ್ಳಗಿನವರ ಸೊಂಟದಿಂದ ಎಷ್ಟು ಕಳೆದು ಕಾರ್ಸೆಟ್ ಕತ್ತರಿಸುತ್ತೀರೋ ಅಷ್ಟೇ ಕಳೆದರೆ ನಮಗೆ ಅದು ಸಡಿಲ. ಬೆನ್ನಿನ ಎರಡು ಅಂಚು ಕೂಡಿಹೋಗುತ್ತವೆ, ದಾರ ಎಳೆಯಲು ಜಾಗವೇ ಉಳಿಯುವುದಿಲ್ಲ. ಇದನ್ನೆಲ್ಲ ತಿಳಿದು ಮಾಡುವವರಿಗೆ ಹೆಚ್ಚು ಕೊಡಲು ನನಗೆ ಒಂದಿಷ್ಟೂ ಬೇಜಾರಿಲ್ಲ.

ಆದರೆ ನನಗೆ ಸಿಕ್ಕಿದ್ದು ಬೇರೆ.

ಒಬ್ಬ ತಯಾರಕರ ಹತ್ತಿರ 1770ರ ದಶಕದ ಮಾದರಿಯ ಗೌನು ಮಾಡಿಸಿದೆ. ಹೆಸರು ಬೇಡ. ಅಳತೆ ಕಳಿಸಿದೆ, ಹೆಚ್ಚುವರಿ ಶುಲ್ಕವನ್ನು ಮುಂಗಡವಾಗಿಯೇ ಕಟ್ಟಿದೆ. 'ನಿಮ್ಮ ಅಳತೆಗೇ ಹೊಲಿಯುವುದರಿಂದ ವಾಪಸ್ ತೆಗೆದುಕೊಳ್ಳುವುದಿಲ್ಲ' ಅನ್ನುವ ಷರತ್ತಿಗೂ ಒಪ್ಪಿದೆ. ಗೌನು ಬಂತು. ಎದೆ, ಸೊಂಟ ಎರಡೂ ಹೇಳಿದಷ್ಟೇ ಇದ್ದವು. ಆದರೆ ಕತ್ತಿನ ಸುತ್ತ ಅಗಲವೋ ಅಗಲ, ಕೈ ಎತ್ತುವ ಮೊದಲೇ ಎರಡೂ ಭುಜದಿಂದ ಜಾರುತ್ತಿತ್ತು. ಮೊಣಕೈಗೆ ನಿಲ್ಲಬೇಕಿದ್ದ ತೋಳು ಮುಂಗೈಗೆ ಬಂದಿತ್ತು. ಅಷ್ಟಾದರೂ ಕಂಕುಳಲ್ಲಿ ಮತ್ತು ಮೇಲ್ತೋಳಿನಲ್ಲಿ ಬಿಗಿದು, ಹೊಲಿಗೆಯ ಗೆರೆಯಗುಂಟ ಚರ್ಮ ಕೆಂಪಾಯಿತು. ಸ್ಕರ್ಟು ಮುಂದೆ ಹೊಟ್ಟೆಯ ಮೇಲೆ ಏರಿ ಪಾದ ಪೂರ್ತಿ ಕಾಣುತ್ತಿತ್ತು, ಹಿಂದೆ ನೆಲ ಗುಡಿಸುತ್ತಿತ್ತು. ಒಳಗಿನ ಹೊಲಿಗೆ ಬಿಚ್ಚಿ ನೋಡಿದರೆ ಅರ್ಧ ಬೆರಳಿನಷ್ಟೂ ಬಟ್ಟೆ ಬಿಟ್ಟಿರಲಿಲ್ಲ, ಬಿಚ್ಚಿ ಸರಿ ಮಾಡಿಕೊಳ್ಳೋಣ ಅಂದರೂ ದಾರಿಯಿಲ್ಲ. ಬರೆದು ಕೇಳಿದೆ. 'ಅಳತೆ ನೀವೇ ಕೊಟ್ಟಿದ್ದಲ್ವಾ, ನಿಮ್ಮ ಶರೀರದ ಆಕಾರ ಸ್ವಲ್ಪ ಬೇರೆ' ಅಂದರು.

ಶರೀರದ ಆಕಾರಕ್ಕೆ ಏನೂ ಆಗಿರಲಿಲ್ಲ. ಹೊಲಿಗೆ ಗೊತ್ತಿರುವ ಯಾರಿಗಾದರೂ ಆ ಗೌನನ್ನು ಮೇಜಿನ ಮೇಲೆ ಹರಡಿ ನೋಡಿದರೆ ಸಾಕು, ನಡೆದದ್ದೇನು ಅಂತ ಗೊತ್ತಾಗುತ್ತದೆ. ಸಣ್ಣ ಸೈಜಿನ ಪ್ಯಾಟರ್ನನ್ನು ನಾಲ್ಕೂ ಕಡೆ ಹಿಗ್ಗಿಸಿದ್ದಾರೆ, ಅಷ್ಟೇ. ಎದೆಗೆ ಹಿಗ್ಗಿಸಿದ ಲೆಕ್ಕದಲ್ಲೇ ಕತ್ತನ್ನೂ ಹಿಗ್ಗಿಸಿದ್ದಾರೆ, ಭುಜವನ್ನೂ ಹಿಗ್ಗಿಸಿದ್ದಾರೆ, ತೋಳಿನ ಉದ್ದವನ್ನೂ ಹಿಗ್ಗಿಸಿದ್ದಾರೆ. ಮೈ ದಪ್ಪವಾದರೆ ಮೂಳೆ ಬೆಳೆಯುತ್ತದಾ? ಭುಜದ ಅಗಲ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಕೈ ಉದ್ದವಾಗುವುದಿಲ್ಲ. ಮೈ ತುಂಬುವುದು ಎದೆ, ಮೇಲ್ತೋಳು, ಹೊಟ್ಟೆ, ತೊಡೆ, ಬೆನ್ನಿನ ಮೇಲ್ಭಾಗ, ಇಂಥ ಕಡೆ. ಅದೂ ಎಲ್ಲರಿಗೂ ಒಂದೇ ಥರ ಅಲ್ಲ. ಹಾಗಾಗಿ ಒಂದು ಹಂತದಾಚೆ ಹಿಗ್ಗಿಸುವ ಆಟ ನಡೆಯುವುದಿಲ್ಲ, ಹೊಸದಾಗಿ ಬೇರೆ ಮೂಲ ಪ್ಯಾಟರ್ನನ್ನೇ ಬರೆಯಬೇಕು.

ಇದು ನಾನು ಕಂಡುಹಿಡಿದ ರಹಸ್ಯವೇನಲ್ಲ. ಅಳತೆಯ ಮಾನದಂಡ ಮಾಡುವ ಎಎಸ್‌ಟಿಎಂ ಸಂಸ್ಥೆ ಪ್ಲಸ್ ಸೈಜಿನ ಹೆಂಗಸರಿಗೆ ಡಿ 6960 ಅನ್ನುವ ಬೇರೆ ಕೋಷ್ಟಕವನ್ನೇ ಇಟ್ಟಿದೆ. ಇನ್ನೂ ಹಿಂದೆ ಹೋಗಿ. 20ನೇ ಶತಮಾನದ ಮೊದಲ ದಶಕಗಳಲ್ಲಿ ನ್ಯೂಯಾರ್ಕಿನಲ್ಲಿ ಲೀನಾ ಬ್ರಯಂಟ್ ಅನ್ನುವ ಹೊಲಿಗೆಯಾಕೆ ಬಸುರಿಯರ ಉಡುಪಿನ ಜೊತೆಗೆ ದಪ್ಪ ಹೆಂಗಸರ ಸಿದ್ಧ ಉಡುಪಿಗೂ ಕೈ ಹಾಕಿದಳು. ಅವಳ ಗಂಡ ಆಲ್ಬರ್ಟ್ ಮಾಲ್ಸಿನ್ ಇಂಜಿನಿಯರ್. ಅವನು ಅಂಗಡಿಗೆ ಬಂದ ಸುಮಾರು 4,500 ಹೆಂಗಸರ ಅಳತೆ ತೆಗೆದ. ವಿಮಾ ಕಂಪನಿಯೊಂದರಿಂದ ಸುಮಾರು 2 ಲಕ್ಷ ಹೆಂಗಸರ ಅಂಕಿಅಂಶ ತರಿಸಿದ. ದಪ್ಪ ಮೈಯಲ್ಲಿ ಮುಖ್ಯವಾಗಿ ಮೂರು ಬಗೆ ಇವೆ ಅಂತ ಕಂಡುಕೊಂಡು, ಮೂರಕ್ಕೂ ಬೇರೆ ಬೇರೆ ಉಡುಪು ಮಾಡಿಸಿದ. 1923ರ ಹೊತ್ತಿಗೆ ಆ ಕಂಪನಿಯಲ್ಲಿ ದೊಡ್ಡ ಸೈಜಿನ ಮಾರಾಟ ಬಸುರಿಯರ ಉಡುಪಿನ ಮಾರಾಟವನ್ನೂ ಮೀರಿಸಿತ್ತು. ಕಂಪ್ಯೂಟರ್ ಇಲ್ಲದ ಕಾಲದ ಮಾತು ಇದು. ನೀವು ಮಾಡುವ ಉಡುಪುಗಳಲ್ಲಿ 1920ರ ದಶಕದವೂ ಇವೆ. ಆ ಕಾಲದ ಅಂಚು, ಆ ಕಾಲದ ಗುಂಡಿ, ಆ ಕಾಲದ ಬಣ್ಣ ಹುಡುಕಲು ಅಷ್ಟೊಂದು ಒದ್ದಾಡುತ್ತೀರಿ. ಆ ಕಾಲದವರು ತೆಗೆದ ಅಳತೆಯ ಕಡೆಗೂ ಸ್ವಲ್ಪ ನೋಡಬಾರದಾ?

ಈಗ ನನ್ನ ದೂರು ಏನು ಅಂತ ನಿಮಗೆ ಗೊತ್ತಾಗಿರಬೇಕು. ಬೇರೆ ಪ್ಯಾಟರ್ನ್ ಬರೆಯುವ ಖರ್ಚು ಅಂತ ನೀವು ದುಡ್ಡು ತೆಗೆದುಕೊಂಡರೆ, ಆ ಪ್ಯಾಟರ್ನ್ ಬರೆದಿರಬೇಕು. ಬರೆಯದೆ ಹಿಗ್ಗಿಸಿ ಕೊಟ್ಟರೆ, ನಾವು ಹೆಚ್ಚು ಕೊಟ್ಟದ್ದು ಮಾಡದ ಕೆಲಸಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ನಿಮ್ಮ ಪ್ಯಾಟರ್ನಿನ ಕೊರತೆಗೆ ನಮ್ಮ ಮೈಗೆ ದಂಡ.

ಇನ್ನೊಂದು ಮಾತು ಆಗಾಗ ಕಿವಿಗೆ ಬೀಳುತ್ತದೆ. 'ಆ ಕಾಲದಲ್ಲಿ ಇಷ್ಟು ದಪ್ಪ ಜನ ಇರಲಿಲ್ಲ. ಮ್ಯೂಸಿಯಮ್ಮಿನಲ್ಲಿ ನೋಡಿ, ಎಲ್ಲ ಎಷ್ಟು ಚಿಕ್ಕ ಚಿಕ್ಕ ಉಡುಪು. ದೊಡ್ಡ ಸೈಜಿನಲ್ಲಿ ಮಾಡಿದರೆ ಇತಿಹಾಸಕ್ಕೆ ನಿಷ್ಠವಾಗುವುದಿಲ್ಲ.' ಸುಮ್ನೆ ಯೋಚಿಸಿ. ಬಟ್ಟೆ ಚಿನ್ನದಷ್ಟು ಜೋಪಾನ ಮಾಡುತ್ತಿದ್ದ ಕಾಲ ಅದು. ದೊಡ್ಡ ಗೌನು ಹಳೆಯದಾದರೆ ಬಿಚ್ಚಿ ಮಗಳಿಗೆ ಹೊಲಿಯಬಹುದು, ಫ್ಯಾಷನ್ ಬದಲಾದಾಗ ಹೊಸ ಮಾದರಿಗೆ ತಿರುಗಿಸಬಹುದು. ಚಿಕ್ಕ ಗೌನನ್ನು ಏನು ಮಾಡಲು ಬರುತ್ತದೆ? ಅದು ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಅಲ್ಲಿಂದ ಮ್ಯೂಸಿಯಮ್ಮಿಗೆ ಹೋಗುತ್ತದೆ. ಉಳಿದ ಉಡುಪು ನೋಡಿ ಬದುಕಿದ್ದ ಜನರ ಮೈ ಅಳೆಯಲು ಹೋದರೆ ಲೆಕ್ಕ ತಪ್ಪುತ್ತದೆ.

ಹಾಗೆ ನೋಡಿದರೆ ದೊಡ್ಡವೂ ಉಳಿದಿವೆ. ವಿಕ್ಟೋರಿಯಾ ರಾಣಿಯದೆಂದು ಹೇಳಲಾದ ಒಂದು ಒಳಉಡುಪು 2008ರಲ್ಲಿ ಇಂಗ್ಲೆಂಡಿನಲ್ಲಿ ಹರಾಜಾಯಿತು. ಅದರ ಸೊಂಟ 50 ಇಂಚು, ಅಂದರೆ 127 ಸೆಂ.ಮೀ. ಇಡೀ ಒಂದು ಕಾಲದ ಫ್ಯಾಷನ್ನಿಗೆ ಯಾರ ಹೆಸರಿಟ್ಟು ನೀವು ಮಾರುತ್ತೀರೋ ಅವರೇ ನಿಮ್ಮ ಸೈಜ್ ಚಾರ್ಟಿನಲ್ಲಿ ಹಿಡಿಯುವುದಿಲ್ಲ! ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಗೆ 1540ರ ಸುಮಾರಿಗೆ ಮಾಡಿದ ಉಕ್ಕಿನ ಕವಚ ಬ್ರಿಟನ್ನಿನ ರಾಯಲ್ ಆರ್ಮರೀಸ್ ಸಂಗ್ರಹದಲ್ಲಿದೆ. ಸೊಂಟದ ಸುತ್ತ ಸುಮಾರು 130 ಸೆಂ.ಮೀ. ಬಟ್ಟೆಯನ್ನಾದರೂ ಎಳೆದು ಕೂರಿಸಬಹುದು, ಉಕ್ಕನ್ನು ಹಾಗೆ ಮಾಡಲಾಗುವುದಿಲ್ಲ. ಆ ಕಮ್ಮಾರರು ಅವನ ಆಗಿನ ಮೈ ನೋಡಿಯೇ ತಟ್ಟಿದರು. ಅವನ ಹದಿಹರೆಯದ ಕವಚವನ್ನು ಹಿಗ್ಗಿಸಲು ಹೋಗಲಿಲ್ಲ. ರಾಜರಾಣಿಯರ ಮಾತು ಬಿಡಿ. 1770ರಲ್ಲಿ ಲೆಸ್ಟರ್‌ನಲ್ಲಿ ಹುಟ್ಟಿದ ಡ್ಯಾನಿಯಲ್ ಲ್ಯಾಂಬರ್ಟ್ ಜೈಲು ನೋಡಿಕೊಳ್ಳುತ್ತಿದ್ದ ಸಾಮಾನ್ಯ ಮನುಷ್ಯ. 1809ರಲ್ಲಿ ತೀರಿಕೊಂಡಾಗ ತೂಕ 335 ಕೆ.ಜಿ. ಅವನಿಗೂ ಕಾಲಕ್ಕೆ ತಕ್ಕ ಕೋಟು, ಒಳಕೋಟು ಹೊಲಿದು ಕೊಟ್ಟ ದರ್ಜಿಗಳಿದ್ದರು. 19ನೇ ಶತಮಾನದ ದರ್ಜಿಗಳ ಕೈಪಿಡಿಗಳಲ್ಲಿ ಹೊಟ್ಟೆ ಬಂದವರಿಗೆ ಕೋಟು ಹೇಗೆ ಕತ್ತರಿಸಬೇಕು ಅಂತ ಬೇರೆ ಚಿತ್ರಗಳೇ ಇರುತ್ತಿದ್ದವು.

ಆ ಕಾಲದವರು ದುಡ್ಡು ಹೆಚ್ಚು ಕೇಳುತ್ತಿರಲಿಲ್ಲವಾ ಅಂತ ನೀವು ಕೇಳಬಹುದು. ಕೇಳುತ್ತಿದ್ದರು. ಹಳೆಯ ಕಾರ್ಸೆಟ್ ಜಾಹೀರಾತುಗಳಲ್ಲಿ 30 ಇಂಚಿನ ಆಚೆಯ ಸೊಂಟಕ್ಕೆ ದರ ಬೇರೆ ಅಂತ ಬರೆದದ್ದು ಸಿಗುತ್ತದೆ. ಆದರೆ ಆ ಸೈಜು ಅವರ ಹತ್ತಿರ ಇರುತ್ತಿತ್ತು, ಹೆಚ್ಚು ಎಷ್ಟು ಅನ್ನುವುದೂ ಅಲ್ಲೇ ಅಚ್ಚಾಗಿರುತ್ತಿತ್ತು. ಈಗಿನ ಹಾಗೆ 'ವಿಚಾರಿಸಿ' ಅಂತ ಬರೆದು, ವಿಚಾರಿಸಿದವರ ಅಳತೆ ನೋಡಿದ ಮೇಲೆ ಬೆಲೆ ಹೇಳುತ್ತಿರಲಿಲ್ಲ.

ಬಟ್ಟೆಯನ್ನು ಉಳಿಸುವ ದಾರಿಯನ್ನೂ ಆ ಕಾಲದವರೇ ಬಿಟ್ಟು ಹೋಗಿದ್ದಾರೆ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಕೈಮಗ್ಗದ ರೇಷ್ಮೆಯ ಪನ್ನ ಅರ್ಧ ಮೀಟರಿನ ಆಸುಪಾಸು ಇರುತ್ತಿತ್ತು. ಅಷ್ಟು ಕಿರಿದಾದ ಬಟ್ಟೆಯಲ್ಲಿ ಯಾರಿಗೂ, ತೆಳ್ಳಗಿನವರಿಗೂ, ಒಂದೇ ತುಂಡಿನಲ್ಲಿ ಕೆಲಸ ಆಗುತ್ತಿರಲಿಲ್ಲ. ತೋಳಿನ ಮೇಲ್ಭಾಗಕ್ಕೆ ಒಂದು ಚೂರು, ಕಂಕುಳಿಗೆ ಒಂದು ಚೂರು, ಸ್ಕರ್ಟಿನ ಪಕ್ಕಕ್ಕೆ ಒಂದು ಚೂರು ಕೂಡಿಸಿ ಹೊಲಿಯುತ್ತಿದ್ದರು. ಹೂವಿನ ಚಿತ್ತಾರ ಹೊಂದುತ್ತದೋ ಇಲ್ಲವೋ ಅಂತಲೂ ಬಹಳ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಉಳಿದಿರುವ ಗೌನುಗಳ ಒಳಮೈ ನೋಡಿದವರಿಗೆ ಇದು ಗೊತ್ತು. ಅಂದರೆ ಮೊದಲು ಹೇಳಿದೆನಲ್ಲ, ಎರಡು ಬೆರಳಷ್ಟು ಪನ್ನದಾಚೆ ಹೋದ ತೋಳು, ಅದಕ್ಕೆ ಮುಕ್ಕಾಲು ಮೀಟರ್ ಕೊಳ್ಳಬೇಕಾಗಿಲ್ಲ. ಕತ್ತರಿಸಿ ಉಳಿದ ತುಂಡಿನಿಂದ ಒಂದು ಚೂರು ಕೂಡಿಸಿದರೆ ಆಯಿತು. ಖರ್ಚು ಉಳಿಯಿತು, ಇತಿಹಾಸಕ್ಕೆ ನಿಷ್ಠೆಯೂ ಆಯಿತು. ನಾನು ಹೊಲಿಯುವಾಗ ಹೀಗೇ ಮಾಡುತ್ತೇನೆ. ಗ್ರಾಹಕರು ಒಪ್ಪುವುದಿಲ್ಲ ಅಂತ ನೀವೇ ತೀರ್ಮಾನಿಸಬೇಡಿ, ಕೇಳಿ ನೋಡಿ.

ಆ ಉಡುಪುಗಳು ಮೈ ಏರಿಳಿಯುವುದನ್ನೂ ಲೆಕ್ಕಕ್ಕೆ ಹಿಡಿದಿದ್ದವು. ಪೆಟಿಕೋಟಿಗೆ ಎರಡೂ ಪಕ್ಕದಲ್ಲಿ ಲಾಡಿ. ಗೌನಿನ ಮುಂದೆ ಪಿನ್ನು ಚುಚ್ಚಿ ಕೂರಿಸುವ ಎದೆಪಟ್ಟಿ, ಅಗಲ ಬೇಕಾದರೆ ಅದನ್ನಷ್ಟೇ ಬದಲಿಸಿದರೆ ಆಯಿತು. ಕಾರ್ಸೆಟ್ಟಿಗೆ ದಾರ. ಬಸುರಿಯಾದರೂ, ಬಾಣಂತಿಯಾದರೂ, ವಯಸ್ಸಾಗಿ ಮೈ ಬಂದರೂ ಅದೇ ಉಡುಪು ನಡೆಯಬೇಕಿತ್ತು. ನೀವು ಅದೇ ಮಾದರಿಯನ್ನು ಹೊಲಿದು, ಹಿಂದೆ ಜಿಪ್ ಹಾಕಿ, ಒಂದೇ ಒಂದು ಸೊಂಟದ ಅಳತೆಗೆ ಕಟ್ಟಿ ಹಾಕುತ್ತೀರಿ. ಆಮೇಲೆ ಸೈಜುಗಳು ಹೆಚ್ಚಾದವು, ಸಂಭಾಳಿಸಲು ಆಗುವುದಿಲ್ಲ ಅನ್ನುತ್ತೀರಿ.

ಬಾಡಿಗೆಗೆ ಕೊಡುವವರಿಗೆ ಎರಡು ಮಾತು. ನಾಟಕದ ಉಡುಪು ಹೊಲಿಯುವ ಅನುಭವಸ್ಥರು ಪಕ್ಕದ ಹೊಲಿಗೆಯೊಳಗೆ ಧಾರಾಳವಾಗಿ ಬಟ್ಟೆ ಬಿಡುತ್ತಾರೆ, ಒಂದೇ ಉಡುಪು ಹಲವು ನಟರಿಗೆ ಆಗಲಿ ಅಂತ. ದೊಡ್ಡದಾಗಿ ಹೊಲಿದು ಒಳಗೆ ಹಿಡಿಯುವುದು ಸುಲಭ, ಚಿಕ್ಕದನ್ನು ದೊಡ್ಡದು ಮಾಡುವುದು ಕಷ್ಟ. ಇದು ನಿಮಗೂ ಗೊತ್ತು. ಆದರೆ ನಿಮ್ಮಲ್ಲಿ ದೊಡ್ಡ ಸೈಜು ಕೇಳಿದರೆ ಬರುವುದು ಅಡುಗೆಯವಳ ಏಪ್ರನ್ನು, ಮುದುಕಿಯ ಶಾಲು, ಇಲ್ಲವೇ ಎಲ್ಲವನ್ನೂ ಮುಚ್ಚುವ ನಿಲುವಂಗಿ. ಪಾತ್ರ ಹಂಚುವವರು ಆಮೇಲೆ ಉಡುಪು ನೋಡಿ ಪಾತ್ರ ಕೊಡುತ್ತಾರೆ. ದಪ್ಪ ನಟಿಗೆ ರಾಣಿಯ ಪಾತ್ರ ತಪ್ಪುವುದು ಎಷ್ಟೋ ಸಲ ನಿಮ್ಮ ಹ್ಯಾಂಗರಿನ ಹತ್ತಿರವೇ.

ಬೆಲೆಯ ವಿಷಯದಲ್ಲಿ ದೊಡ್ಡ ಕಂಪನಿಗಳೂ ಜಗ್ಗಿದ್ದುಂಟು. ಬ್ರಿಟನ್ನಿನ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಡಿಡಿ ಮತ್ತು ಅದಕ್ಕಿಂತ ದೊಡ್ಡ ಕಪ್ ಸೈಜಿನ ಬ್ರಾಗಳಿಗೆ 2 ಪೌಂಡ್ ಹೆಚ್ಚು ಹಾಕುತ್ತಿತ್ತು. ಹೆಚ್ಚು ಕೆಲಸ, ಹೆಚ್ಚು ಆಧಾರ ಬೇಕು ಅನ್ನುವುದು ಅವರ ಉತ್ತರ. ಗ್ರಾಹಕಿಯರು ಒಟ್ಟಾಗಿ ಜಗಳಕ್ಕೆ ನಿಂತರು. 2009ರ ಮೇ ತಿಂಗಳಲ್ಲಿ ಕಂಪನಿ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ತಪ್ಪೊಪ್ಪಿಕೊಂಡಿತು, ಹೆಚ್ಚುವರಿ ದರ ತೆಗೆದುಹಾಕಿತು. ಅವರದು ದೊಡ್ಡ ಅಂಗಡಿ, ತಡೆದುಕೊಳ್ಳುವ ಶಕ್ತಿ ಇತ್ತು ಅನ್ನುತ್ತೀರಾ? ಒಪ್ಪಿದೆ.

ನಿಮ್ಮಲ್ಲಿ ಬಹಳ ಜನ ಒಂಟಿಯಾಗಿ, ಮನೆಯ ಒಂದು ಕೋಣೆಯಲ್ಲಿ ಕೂತು ಹೊಲಿಯುವವರು. ಗಂಟೆಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿದರೆ ನಿಮಗೇ ಅಳು ಬರುತ್ತದೆ. ಕಾರ್ಖಾನೆಯ ಅಗ್ಗದ ಮಾಲು ತೋರಿಸಿ 'ಅಲ್ಲಿ ಇಷ್ಟಕ್ಕೆ ಸಿಗುತ್ತೆ' ಅಂತ ಚೌಕಾಸಿ ಮಾಡುವವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ. ಬೆಲೆ ಇಳಿಸಿ ಅಂತ ಈ ಪತ್ರದಲ್ಲಿ ನಾನು ಎಲ್ಲೂ ಕೇಳುತ್ತಿಲ್ಲ. ಬೇಕಾದರೆ ಎಲ್ಲರಿಗೂ ಏರಿಸಿ. ಹೊಸ ಮೂಲ ಪ್ಯಾಟರ್ನ್ ಬರೆದು, ಕೋರಾ ಬಟ್ಟೆಯಲ್ಲಿ ಹೊಲಿದು, ದಪ್ಪ ಮೈಯವರಿಗೆ ತೊಡಿಸಿ ತಿದ್ದುವುದಕ್ಕೆ ಒಮ್ಮೆ ಖರ್ಚಾಗುತ್ತದೆ. ಆ ಖರ್ಚನ್ನು ಇಡೀ ಅಂಗಡಿಯ ಮೇಲೆ ಹಂಚಿ. ಫೋಟೊ ತೆಗೆಸುವ ಖರ್ಚನ್ನು ಹಾಗೆಯೇ ಹಂಚುತ್ತೀರಲ್ಲ. ಆ ಫೋಟೊಗಳಲ್ಲಿ ನಮ್ಮಂಥವರು ಒಬ್ಬರೂ ಇರುವುದಿಲ್ಲ, ಆದರೂ ಅದರ ಪಾಲು ನಾವೂ ಕೊಡುತ್ತೇವೆ.

ಹಾಗಾಗಿ ನನ್ನ ಕೋರಿಕೆಗಳು ಇಷ್ಟು. ಶೇಕಡಾ ಲೆಕ್ಕದ ಪ್ಲಸ್ ಸೈಜ್ ಶುಲ್ಕವನ್ನು ತೆಗೆಯಿರಿ. ಬಟ್ಟೆ ನಿಜವಾಗಿಯೂ ಹೆಚ್ಚು ಹಿಡಿದರೆ ಎಷ್ಟು ಮೀಟರ್, ಮೀಟರಿಗೆ ಎಷ್ಟು ಅಂತ ಬಿಲ್ಲಿನಲ್ಲಿ ಬರೆಯಿರಿ. ಕಡ್ಡಿ ಹೆಚ್ಚು ಹಾಕಿದರೆ ಅದನ್ನೂ ಬರೆಯಿರಿ. ನಾವು ಕೊಡುತ್ತೇವೆ. ಎತ್ತರದವರಿಗೂ ಅದೇ ನಿಯಮ ಇರಲಿ. ಬೆಲೆಯನ್ನು ಮೊದಲೇ ಅಚ್ಚು ಹಾಕಿ, ಅಳತೆ ಕೇಳಿದ ಮೇಲೆ ಹೇಳಬೇಡಿ.

ಅಳತೆ ಕೇಳುವಾಗ ಎದೆ, ಸೊಂಟ, ಹಿಪ್ ಈ ಮೂರಕ್ಕೇ ನಿಲ್ಲಿಸಬೇಡಿ. ಮೇಲ್ತೋಳಿನ ಸುತ್ತಳತೆ ಕೇಳಿ. ಭುಜದ ಅಗಲ ಕೇಳಿ. ಎದೆಯ ಮೇಲೆ ಮತ್ತು ಎದೆಯ ಕೆಳಗೆ ಬೇರೆ ಬೇರೆಯಾಗಿ ಕೇಳಿ. ಸೊಂಟದಿಂದ ನೆಲದವರೆಗಿನ ಉದ್ದವನ್ನು ಮುಂದೆ, ಪಕ್ಕದಲ್ಲಿ, ಹಿಂದೆ, ಮೂರು ಕಡೆ ಕೇಳಿ. ಅದೂ ಒಳಗೆ ಕಾರ್ಸೆಟ್, ಬಳೆ, ಸೊಂಟಕ್ಕೆ ಕಟ್ಟುವ ದಿಂಬು ಏನೇನು ತೊಡುತ್ತಾರೋ ಎಲ್ಲ ತೊಟ್ಟ ಮೇಲೆ. ಇಷ್ಟು ಮಾಡಿದ್ದರೆ ನನ್ನ ಆ ಗೌನು ಮುಂದೆ ಏರುತ್ತಿರಲಿಲ್ಲ. ಸಿದ್ಧ ಉಡುಪಾದರೆ, ಉಡುಪಿನದೇ ಅಳತೆಯನ್ನು ಪಟ್ಟಿಯಲ್ಲಿ ಕೊಡಿ. ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್ ಅಂತ ಬರೆದರೆ ಏನೂ ತಿಳಿಯುವುದಿಲ್ಲ.

ಹೊಲಿಗೆಯೊಳಗೆ ಬಟ್ಟೆ ಬಿಡಿ. ಎರಡು ಬೆರಳಷ್ಟಾದರೂ.

ಅಳತೆಗೆ ಹೊಲಿದದ್ದು ಅಳತೆಗೆ ಕೂರದಿದ್ದರೆ ಸರಿ ಮಾಡಿಕೊಡುವ ಹೊಣೆ ನಿಮ್ಮದು. 'ವಾಪಸ್ ಇಲ್ಲ' ಅನ್ನುವ ಷರತ್ತು ಗ್ರಾಹಕರು ಮನಸ್ಸು ಬದಲಿಸಿದಾಗ ಇರಲಿ. ಕತ್ತರಿ ತಪ್ಪಿದಾಗ ಅದರ ಹಿಂದೆ ಅಡಗಬೇಡಿ. ಪ್ಯಾಟರ್ನ್ ಅಚ್ಚು ಹಾಕಿಸುವವರು ಲಕೋಟೆಯ ಮೇಲೆ ಒಂದು ಸಾಲು ಬರೆದರೂ ಸಾಕು: ದೊಡ್ಡ ಸೈಜುಗಳಿಗೆ ಬೇರೆ ಮೂಲದಿಂದ ಬರೆದಿದ್ದೀರೋ, ಚಿಕ್ಕದನ್ನು ಹಿಗ್ಗಿಸಿದ್ದೀರೋ. ಹಿಗ್ಗಿಸಿದ್ದೇ ಆದರೆ ಮನೆಯಲ್ಲಿ ಹೊಲಿಯುವವರು ಕತ್ತು, ಭುಜ, ತೋಳು ತಿದ್ದಿಕೊಂಡೇ ಕತ್ತರಿ ಹಾಕುತ್ತಾರೆ, ದುಬಾರಿ ಬಟ್ಟೆ ಹಾಳಾಗುವುದು ತಪ್ಪುತ್ತದೆ.

ಬೇರೆ ಮೂಲ ಪ್ಯಾಟರ್ನ್ ಬರೆಯಲು ನಿಮಗೆ ಮಾದರಿ ಮೈ ಬೇಕು. ಅಂಗಡಿಯಲ್ಲಿರುವ ಗೊಂಬೆಗೆ ಹತ್ತಿ ಸುತ್ತಿ ದಪ್ಪ ಮಾಡಿದರೆ ಆಗುವುದಿಲ್ಲ, ಹತ್ತಿ ಕೂತಾಗ ಹರಡುವುದಿಲ್ಲ, ಕೈ ಎತ್ತಿದಾಗ ಜರುಗುವುದಿಲ್ಲ. ಜನ ಬೇಕು. ನಾನು ಬರುತ್ತೇನೆ. ನನ್ನ ಹಾಗೆ ಬರುವವರು ಇನ್ನೂ ಇದ್ದಾರೆ, ಬೇರೆ ಬೇರೆ ಆಕಾರದವರು, ಬೇರೆ ಬೇರೆ ಎತ್ತರದವರು. ಪಿನ್ನು ಚುಚ್ಚಿ, ಬಿಚ್ಚಿ, ಮತ್ತೆ ಚುಚ್ಚಿ, ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತೇವೆ. ನಿಂತ ಹೊತ್ತಿಗೆ ಕೂಲಿ ಕೊಡಿ, ಅಷ್ಟೇ.

ಉತ್ತರದ ನಿರೀಕ್ಷೆಯಲ್ಲಿ,

ಇಂತಿ ನಿಮ್ಮ,
ಸೈಜ್ ಚಾರ್ಟಿನ ಕೊನೆಯ ಸಾಲಿನಾಚೆಯ ಒಬ್ಬ ಗ್ರಾಹಕಿ